ಲೀಟರಿಗೆ ಒಂದು ಒಳಲೆ

ನಮ್ಮ ಮನೆಯಲ್ಲಿ ಒಳಲೆ ಬೇಕೆಂದರೆ ಅಡುಗೆಮನೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಹಸುಗೂಸಿಗೆ ಹಾಲು ಕುಡಿಸುವ ಆ ಹಿತ್ತಾಳೆಯ ಪುಟ್ಟ ಪಾತ್ರೆ, ಒಂದು ಕಡೆ ಹಕ್ಕಿಯ ಕೊಕ್ಕಿನ ಹಾಗೆ ಮೂತಿ ಚಾಚಿಕೊಂಡಿರುವುದು, ನಮ್ಮಲ್ಲಿ ಹಿತ್ತಿಲ ಶೆಡ್ಡಿನಲ್ಲಿರುತ್ತದೆ. ಪೆಟ್ರೋಲ್ ಕ್ಯಾನಿನ ಪಕ್ಕದ ಗೂಡಿನಲ್ಲಿ, ಮೈತುಂಬ ಎಣ್ಣೆ ಬಳಿದುಕೊಂಡು. ನನ್ನ ಬಾಣಂತನಕ್ಕೆ ತವರಿನವರು ಕೊಟ್ಟದ್ದು ಅದು. ಮಗಳು ಅದರಲ್ಲಿ ಹಾಲು ಕುಡಿದಳು, ಹರಳೆಣ್ಣೆ ಕುಡಿದಳು, ಕುಡಿದದ್ದರಲ್ಲಿ ಅರ್ಧ ನನ್ನ ಸೀರೆಗೆ ಉಗಿದಳು. ಅವಳು ಲೋಟ ಹಿಡಿಯಲು ಕಲಿತ ವಾರವೇ ನಮ್ಮ ಯಜಮಾನರು ಅದನ್ನು ಎತ್ತಿಕೊಂಡು ಹೋಗಿ ತಮ್ಮ ಮರ ಕೊಯ್ಯುವ ಚೈನ್‌ಸಾಗೆ ಎಣ್ಣೆ ಅಳೆಯಲು ಇಟ್ಟುಕೊಂಡರು. ನಾನು ಕೂಗಾಡಿದೆ.

“ಆ ಮೂತಿ ನೋಡೇ, ಒಂದು ತೊಟ್ಟು ಆಚೆ ಚೆಲ್ಲಲ್ಲ. ಇದನ್ನ ಮಾಡಿದೋನು ನಿಜವಾದ ಇಂಜಿನಿಯರ್ರು” ಎಂದರು.

ಮೂವತ್ತು ವರ್ಷದ ಹತ್ತಿರ ಬಂತು, ಅದು ಅಲ್ಲೇ ಇದೆ.

ಇವರ ಕೆಲಸ ಮರ ಕೊಯ್ಯುವುದು. ವಯಸ್ಸಿನಲ್ಲಿ ತುಮಕೂರಿನ ಒಂದು ಸಾಮಿಲ್ಲಿನಲ್ಲಿದ್ದರು. ಆ ಮಿಲ್ಲು ಮುಚ್ಚಿದಾಗ ಅಲ್ಲಿದ್ದ ಚೈನ್‌ಸಾ ಒಂದನ್ನು ಹೊತ್ತುಕೊಂಡು ಗುಬ್ಬಿಗೆ ಬಂದರು. ಆಗಲೇ ಅದು ಹಳೆಯದು. ಕಿತ್ತಳೆ ಬಣ್ಣವಂತೆ, ನಾನು ನೋಡುವಾಗಿನಿಂದ ಮಣ್ಣಿನ ಬಣ್ಣ. ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದೆ, ಇವರು ಮಿಷಿನ್ನು ಹೆಗಲಿಗೇರಿಸಿಕೊಂಡು ಊರೂರು ಸುತ್ತುತ್ತಿದ್ದರು. ಗಾಳಿಗೆ ಯಾರ ಮನೆ ಮೇಲೆ ಕೊಂಬೆ ಬಿದ್ದರೂ, ಆ ಕಡೆ ಕೋರದಿಂದ ಈ ಕಡೆ ಕುಣಿಗಲ್ಲಿನವರೆಗೆ, ಮೊದಲು ಫೋನು ಬರುವುದು ನಮ್ಮ ಮನೆಗೆ. ಸ್ಕೂಲಿನಲ್ಲಿ ಸಹೋದ್ಯೋಗಿಗಳು “ನಿಮ್ಮೆಜಮಾನ್ರು ಏನ್ ಕೆಲ್ಸ?” ಎಂದು ಕೇಳಿದರೆ ನಾನು “ಗಾಳಿ ಬೀಸಿದ್ರೆ ಬಿಜಿ, ಇಲ್ದಿದ್ರೆ ಲೇಜಿ” ಎನ್ನುತ್ತಿದ್ದೆ. ಅದನ್ನು ಇವರಿಗೂ ಹೇಳಿದ್ದೇನೆ, ನಕ್ಕಿದ್ದಾರೆ.

ಆ ಚೈನ್‌ಸಾದ ಇಂಜಿನ್ನಿಗೆ ಎಣ್ಣೆ ಹಾಕಲು ಬೇರೆ ಜಾಗವಿಲ್ಲ. ಪೆಟ್ರೋಲಿನಲ್ಲೇ ಕಲಸಿ ಕುಡಿಸಬೇಕು. ಎಣ್ಣೆ ಹೆಚ್ಚಾದರೆ ಹೊಗೆಯುಗುಳುತ್ತದೆ, ಕಡಿಮೆಯಾದರೆ ಒಳಗೆ ಲೋಹಕ್ಕೆ ಲೋಹ ಉಜ್ಜಿ ಕಚ್ಚಿಕೊಂಡು ನಿಲ್ಲುತ್ತದೆ. ಇಷ್ಟೇ ಅದರ ಶಾಸ್ತ್ರ. ಆದರೆ ನಮ್ಮವರು ಅದನ್ನು ಕಲಸುವುದನ್ನು ನೋಡಿದರೆ ನೀವು ಕೈಮುಗಿದುಬಿಡುತ್ತೀರಿ. ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಬರಿಗಾಲಲ್ಲಿ ಶೆಡ್ಡಿಗೆ ಹೋಗುತ್ತಾರೆ. ಕ್ಯಾನಿನಲ್ಲಿ ಐದು ಲೀಟರ್ ಪೆಟ್ರೋಲು. ಪಕ್ಕದಲ್ಲಿ ಐದು ಹುಣಸೆಬೀಜ. ಒಳಲೆಗೆ ಕಂಠಮಟ್ಟ ಎಣ್ಣೆ ಹುಯ್ದು, ಮೂತಿಯಿಂದ ಕ್ಯಾನಿಗೆ ಬಗ್ಗಿಸಿ, ಕೊನೆಯ ತೊಟ್ಟು ಬೀಳುವವರೆಗೆ ಕಾದು, ಒಂದು ಬೀಜ ಆಚೆ ಸರಿಸುತ್ತಾರೆ. ಹೀಗೆ ಐದು. ಮಧ್ಯೆ ಮಾತಾಡಿಸಿದರೆ ಕೋಪ. ಆಯುಧಪೂಜೆಯ ದಿನ ಮಿಷಿನ್ನಿಗೆ ಒಂದು ಹಾರ, ಒಳಲೆಗೂ ಒಂದು ಹೂವು.

“ಮಗೂಗೆ ಹಾಲು ಕುಡಿಸೋವಾಗ ಒಂದಿನಾನೂ ಇಷ್ಟು ಶ್ರದ್ಧೆ ತೋರಿಸ್ಲಿಲ್ಲ ನೀವು” ಎಂದು ಒಮ್ಮೆ ಅಂದೆ.

“ಮಗು ಅಳುತ್ತೆ, ಹೇಳುತ್ತೆ. ಇದು ಹೇಳಲ್ಲ ಕಣೇ. ಸೌಂಡು ಬದಲಾಯಿಸುತ್ತೆ ಅಷ್ಟೇ. ಕೇಳಿಸ್ಕೋಬೇಕು” ಎಂದರು.

ಇವರ ಕಿವಿಯ ವಿಚಾರ ಸುತ್ತಮುತ್ತ ಎಲ್ಲರಿಗೂ ಗೊತ್ತು. ಬೇರೆಯವರ ಮಿಷಿನ್ನು ಎರಡು ರಸ್ತೆ ಆಚೆ ಓಡುತ್ತಿದ್ದರೂ ಕಾಫಿ ಲೋಟ ಕೆಳಗಿಟ್ಟು “ಚೈನ್ ಮೊಂಡಾಗಿದೆ ಪಾಪ” ಎನ್ನುತ್ತಿದ್ದರು. ನಾನು ಅಡುಗೆಮನೆಯಿಂದ ಮೂರು ಸಲ ಕೂಗಿದ್ದು ಮಾತ್ರ ಆ ಕಿವಿಗೆ ಬೀಳುತ್ತಿರಲಿಲ್ಲ. ಅದು ಬೇರೆ ವಿಷಯ.

ಎರಡು ವರ್ಷದ ಹಿಂದೆ ನಾನು ರಿಟೈರ್ ಆದೆ. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ತಿದ್ದಲು ಪೇಪರುಗಳಿಲ್ಲದ ಟೀಚರು ಮನೆಯವರನ್ನು ತಿದ್ದಲು ಕೂರುತ್ತಾಳೆ. ಮೊದಲು ಅಡುಗೆಮನೆಯ ಡಬ್ಬಿಗಳ ಮೇಲೆ ಹೆಸರು ಬರೆದೆ. ಆಮೇಲೆ ಫೋನಿನಲ್ಲಿ ವಿಡಿಯೋ ನೋಡಲು ಕಲಿತೆ. ಆಮೇಲೆ ಶೆಡ್ಡಿಗೆ ಕಾಲಿಟ್ಟೆ.

ನಿಜ ಹೇಳಬೇಕೆಂದರೆ ನನಗೆ ಮೊದಲಿನಿಂದ ಆ ಹೊಗೆಯ ಮೇಲೆ ಸಿಟ್ಟು. ಇವರು ಹಿತ್ತಿಲಲ್ಲಿ ಮಿಷಿನ್ನು ಚಾಲೂ ಮಾಡಿ ನೋಡಿದರೆ ಸಾಕು, ಒಣಗಹಾಕಿದ ಬಟ್ಟೆಯೆಲ್ಲ ಪೆಟ್ರೋಲ್ ಬಂಕಿನ ವಾಸನೆ. ಒಂದು ದಿನ ಗೂಡು ಒರೆಸುವಾಗ ಒಂದು ಪುಟ್ಟ ಬಾಟಲಿ ಸಿಕ್ಕಿತು. ತುಮಕೂರಿನ ಅಂಗಡಿಯಲ್ಲಿ ಹೊಸ ಚೈನು ಕೊಂಡಾಗ ಪುಕ್ಕಟೆ ಕೊಟ್ಟ ಎಣ್ಣೆ, ಇವರು ಮುಚ್ಚಳವನ್ನೇ ತೆಗೆದಿರಲಿಲ್ಲ. ಅದರ ಮೇಲೆ ಸ್ಪಷ್ಟವಾಗಿ ಅಚ್ಚಾಗಿತ್ತು: ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಅಂದರೆ ಲೀಟರಿಗೆ ಇಪ್ಪತ್ತು ಎಂ.ಎಲ್. ಹಾಗಾದರೆ ನಮ್ಮ ಒಳಲೆ ಎಷ್ಟು ಹಿಡಿಯುತ್ತದೆ? ಇಷ್ಟು ವರ್ಷ ನನಗೆ ಈ ಪ್ರಶ್ನೆಯೇ ಹೊಳೆದಿರಲಿಲ್ಲ ಎಂಬುದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಕೆಮ್ಮಿನ ಔಷಧಿಯ ಮುಚ್ಚಳ ತಂದೆ, ಹತ್ತು ಎಂ.ಎಲ್. ಗೆರೆಯಿರುವುದು. ನೀರು ತುಂಬಿ ತುಂಬಿ ಒಳಲೆಗೆ ಹುಯ್ದೆ. ಸರಿಯಾಗಿ ನಾಲ್ಕು ಮುಚ್ಚಳ. ನಲವತ್ತು! ಲೀಟರಿಗೆ ನಲವತ್ತು ಅಂದರೆ ಇಪ್ಪತ್ತೈದಕ್ಕೆ ಒಂದು. ಬಾಟಲಿ ಹೇಳಿದ್ದಕ್ಕೆ ಎರಡರಷ್ಟು! ಪರೀಕ್ಷೆಯಲ್ಲಿ ಕಾಪಿ ಹೊಡೆಯುವವನನ್ನು ಚೀಟಿಸಮೇತ ಹಿಡಿದಾಗ ಆಗುತ್ತಿತ್ತಲ್ಲ, ಅಂಥ ಖುಷಿ ಆಯಿತು ನನಗೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಬಾಟಲಿಯನ್ನು ತಟ್ಟೆಯ ಪಕ್ಕ ಇಟ್ಟೆ. “ಇದೇನು ಓದಿ” ಎಂದೆ.

ಇವರು ಮುದ್ದೆ ಮುರಿಯುತ್ತಾ ಕಣ್ಣು ಕಿರಿದು ಮಾಡಿ ನೋಡಿದರು. “ಅದು ಹೊಸ ಮಿಷಿನ್ನಿನ ಎಣ್ಣೆ ಕಣೇ. ಎಣ್ಣೇನೇ ಬೇರೆ. ನಾನು ತರೋದು ಬಂಕಲ್ಲಿ ಬಿಡಿಯಾಗಿ ಕೊಡೋ ಎಣ್ಣೆ, ಅದು ಜಾಸ್ತೀನೇ ಬೇಕು. ನಮ್ಮ ಮುದುಕಿಗೆ ಅದೇ, ಅಷ್ಟೇ.”

“ಐವತ್ತಕ್ಕೆ ಒಂದು ಅಂದ್ರೆ ಐವತ್ತಕ್ಕೆ ಒಂದು. ಎಣ್ಣೆ ಎಣ್ಣೇನೇ. ವರ್ಷಗಟ್ಲೆ ಎರಡರಷ್ಟು ಸುರಿದಿದೀರ, ಹೊಗೆ ಬರದೆ ಮತ್ತೇನು ಸಾಂಬ್ರಾಣಿ ಬರುತ್ತಾ?”

“ಟೀಚರ್, ಸಾರು ಬಡಿಸಿ” ಎಂದರು.

ಅಷ್ಟೇ. ನನ್ನ ಮೂವತ್ತು ವರ್ಷದ ಅನುಪಾತದ ಪಾಠಕ್ಕೆ ಸಿಕ್ಕ ಮರ್ಯಾದೆ ಅದು. ಮೈಯೆಲ್ಲ ಉರಿದುಹೋಯಿತು. ಎಣ್ಣೆಯೇ ಬೇರೆ ಎಂದು ಅವರು ಹೇಳಿದರಲ್ಲ, ಆ ಒಂದು ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಅದರ ಬಗ್ಗೆ ಈಗ ಏನು ಹೇಳಿಕೊಂಡರೂ ಪ್ರಯೋಜನವಿಲ್ಲ.

ಆ ಮಳೆಗಾಲಕ್ಕೆ ಮುಂಚಿನ ಗಾಳಿಯಲ್ಲಿ ಹುಲಿಯೂರುದುರ್ಗದ ಹತ್ತಿರ ನನ್ನ ತಮ್ಮನ ಮನೆಯಲ್ಲಿ ಹುಣಸೆಮರ ಉರುಳಿ ದನದ ಕೊಟ್ಟಿಗೆಯ ಮೇಲೆ ಮಲಗಿತು. ದನಗಳು ಹೊರಗಿದ್ದವು, ಪುಣ್ಯ. ಬೆಳಿಗ್ಗೆಯೇ ತಮ್ಮನ ಫೋನು. ಇವರು ಬಂಕಿಗೆ ಹೋಗಿ ಐದು ಲೀಟರ್ ಪೆಟ್ರೋಲು ತಂದರು, ಶೆಡ್ಡಿನಲ್ಲಿ ಹುಣಸೆಬೀಜ ಜೋಡಿಸಿದರು. ಅಷ್ಟರಲ್ಲಿ ಬಾಡಿಗೆಗೆ ಹೇಳಿದ್ದ ಆಟೋ ಬಂದು ಬಾಗಿಲಲ್ಲಿ ಹಾರನ್ನು ಹೊಡೆಯತೊಡಗಿತು. ಹಗ್ಗ ಕಟ್ಟಬೇಕು, ಏಣಿ ಏರಿಸಬೇಕು. ಇವರು ಒಂದು ಕ್ಷಣ ಒಳಲೆ ನೋಡಿದರು, ನನ್ನನ್ನು ನೋಡಿದರು.

“ಐದು ಒಳಲೆ ಹಾಕಿ ಚೆನ್ನಾಗಿ ಕುಲುಕಿಡು” ಎಂದು ಹೊರಗೆ ಓಡಿದರು.

ಅಷ್ಟು ವರ್ಷದಲ್ಲಿ ಆ ಒಳಲೆಯನ್ನು ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು. ನಾನೇನು ಮಾಡಿದೆ? ಇವರ ಬಂಕಿನ ಎಣ್ಣೆಯನ್ನೇ ಎರಡು ಒಳಲೆ ಹಾಕಿದೆ, ಮೂರನೆಯದನ್ನು ಅರ್ಧ ಹಾಕಿದೆ. ಐವತ್ತಕ್ಕೆ ಒಂದು, ಕೂದಲೆಳೆ ತಪ್ಪಿಲ್ಲದ ಲೆಕ್ಕ. ಐದು ಬೀಜಗಳನ್ನೂ ಆಚೆ ಸರಿಸಿದೆ. ಇವರು ಬಂದು “ಎಷ್ಟು ಹಾಕ್ದೆ?” ಎಂದು ಕೇಳಿದರು. “ಐದು” ಎಂದೆ.

ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ನನಗನ್ನಿಸಲೇ ಇಲ್ಲ. ಸಾಯಂಕಾಲದವರೆಗೆ ಹೊಗೆಯಿಲ್ಲದೆ ಮಿಷಿನ್ನು ಓಡಲಿ, ಆಮೇಲೆ ತಮ್ಮನ ಜಗಲಿಯಲ್ಲಿ ಎಲ್ಲರೆದುರು ಹೇಳಿ ಇವರ ಮುಖ ಹೇಗಾಗುತ್ತದೆ ನೋಡೋಣ ಎಂದುಕೊಂಡಿದ್ದೆ. ಗೂಳೂರು ದಾಟುವಾಗ ಒಬ್ಬಳೇ ನಗುತ್ತಿದ್ದೆ. “ಏನೇ ಅದು?” ಎಂದರು. “ಏನಿಲ್ಲ, ತವರಿಗೆ ಹೋಗ್ತಿದೀನಲ್ಲ” ಎಂದೆ. ಕುಣಿಗಲ್ಲಿನಲ್ಲಿ ತಟ್ಟೆ ಇಡ್ಲಿ ಕೊಡಿಸಿದರು.

ತಮ್ಮನ ಮನೆಯಲ್ಲಿ ಕೆಲಸ ಶುರುವಾಯಿತು. ನಾನು ಜಗಲಿಯ ಮೇಲೆ ಕಾಫಿ ಹಿಡಿದು ಕೂತೆ. ಹೊಗೆ ನಿಜವಾಗಿಯೂ ಕಡಿಮೆಯಿತ್ತು! ನನಗೆ ಕುಣಿದಾಡುವಷ್ಟು ಸಂತೋಷ. ಸಣ್ಣ ಕೊಂಬೆಗಳೆಲ್ಲ ಮುಗಿದು ಬೊಡ್ಡೆಗೆ ಬಂದರು. ಹಳೇ ಹುಣಸೆಬೊಡ್ಡೆ, ಕಲ್ಲಿನ ಜಾತಿ. ಸ್ವಲ್ಪ ಹೊತ್ತು ಕೊಯ್ದಿದ್ದರೋ ಏನೋ, ಇದ್ದಕ್ಕಿದ್ದಂತೆ ಇವರು ಆಕ್ಸಿಲೇಟರು ಬಿಟ್ಟರು. ತಲೆಯನ್ನು ಒಂದು ಕಡೆ ವಾಲಿಸಿ ಮಿಷಿನ್ನನ್ನು ನೋಡಿದರು. ಆಮೇಲೆ ತಲೆಯೆತ್ತಿ ಜಗಲಿಯ ಮೇಲಿದ್ದ ನನ್ನನ್ನು ನೋಡಿದರು. ತವರಿನವರ ಮುಂದೆ ಹೀರೋ ಆಗುತ್ತಿದ್ದಾರೆ ಎಂದುಕೊಂಡು ನಾನು ಕಾಫಿ ಲೋಟ ಎತ್ತಿ ತೋರಿಸಿ ನಕ್ಕೆ. ಅವರೂ ನಕ್ಕು ಮತ್ತೆ ಕೊಯ್ಯತೊಡಗಿದರು.

ಐದು ನಿಮಿಷವೂ ಆಗಿರಲಿಕ್ಕಿಲ್ಲ. ಮಿಷಿನ್ನು ಕಿರ್ರೆಂದು ಕಿರುಚಿ ಗಕ್ಕನೆ ನಿಂತಿತು. ಇವರು ಚಾಲೂ ಮಾಡುವ ಹಗ್ಗ ಎಳೆದರು. ಬರಲಿಲ್ಲ. ಕಾಲಿಟ್ಟು ಎಳೆದರು. ಗೋಡೆಗೆ ಕಟ್ಟಿದ ಹಗ್ಗದಂತೆ ಅಲ್ಲಾಡಲಿಲ್ಲ.

“ಏನ್ ಬಾವಾ, ಮಿಷಿನ್ಗೂ ರಿಟೈರ್ಮೆಂಟಾ?” ಎಂದ ನನ್ನ ತಮ್ಮ. ಅವನ ಬಾಯಿಗೆ ಯಾವತ್ತೂ ಬೀಗವಿಲ್ಲ.

ಇವರು ಮಗುವಿನ ಜ್ವರ ನೋಡುವವರ ಹಾಗೆ ಅಂಗೈ ಹಿಂಭಾಗದಿಂದ ಇಂಜಿನ್ನು ಮುಟ್ಟಿ ಕೈ ತೆಗೆದುಕೊಂಡರು. ತಮ್ಮ ಕುಣಿಗಲ್ಲಿಗೆ ಫೋನು ಮಾಡಿ ಹೊಸ ಮಿಷಿನ್ನಿನವನೊಬ್ಬನನ್ನು ಕರೆಸಿದ. ಅವನು ಕೊಯ್ದ, ಇವರು ಹಗ್ಗ ಹಿಡಿದರು. ವಾಪಸ್ಸು ಬರುವಾಗ ಗುಬ್ಬಿಯವರೆಗೆ ಮಿಷಿನ್ನನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದರು.

ಮಾರನೆಯ ದಿನ ತುಮಕೂರಿಗೆ ಹೋದೆವು. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹಳೇ ಮಿಷಿನ್ನುಗಳನ್ನು ಬಲ್ಲ ಮೆಕ್ಯಾನಿಕ್ ಒಬ್ಬರಿದ್ದಾರೆ, ಇವರಿಗಿಂತ ಹಿರಿಯರು. ನನಗೊಂದು ಸ್ಟೂಲು ಹಾಕಿದರು. ಇಂಜಿನ್ನು ಬಿಚ್ಚಿ ಪಿಸ್ಟನ್ನನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದರು. ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರು.

“ಎಣ್ಣೆ ಸಾಲ್ದೆ ಹೋಗೈತೆ ಸಾಮಿ. ಯಾರು ಕಲಸಿದ್ದು?”

“ನಮ್ಮನೇವ್ರು” ಎಂದರು ಇವರು. ಆ ದನಿಯಲ್ಲಿ ಒಂದು ಚೂರು ಅನುಮಾನವಿರಲಿಲ್ಲ. “ಅದ್ರಲ್ಲಿ ತಪ್ಪಾಗಿರಲ್ಲ. ಲೆಕ್ಕದ ಟೀಚರು. ಬೀಜ ಎಣಿಸಿ ಹಾಕವ್ರೆ, ನಾನೇ ನೋಡಿದೀನಿ, ಐದು ಬೀಜಾನೂ ಆಚೆ ಇದ್ವು.”

“ಅಯ್ಯೋ, ಮೇಡಂ ಹಾಕಿದ್ದಾ? ಹಂಗಾದ್ರೆ ಬುಡಿ. ನಮ್ ತಂಗಿ ಮಗ್ಳು ಗುಬ್ಬೀಲಿ ಇವ್ರತ್ರಾನೇ ಓದಿದ್ದು. ಲೆಕ್ಕದಲ್ಲಿ ಫಸ್ಟ್ ಬಂದ್ಳು.” ಮೆಕ್ಯಾನಿಕ್ ನನಗೆ ಕೈಮುಗಿದರು. “ಹಂಗಾರೆ ಪೆಟ್ರೋಲೇ ಜಾಸ್ತಿ ಬಿದ್ದಿರ್ಬೇಕು ಸಾಮಿ. ಸೌಂಡು ಬದಲಾಗ್ಲಿಲ್ವಾ? ನಿಮ್ ಕಿವೀಗೆ ಗೊತ್ತಾಗ್ದೆ ಹೋಯ್ತಾ?”

ಇವರು ಪಿಸ್ಟನ್ನಿನ ಗೀರಿನ ಮೇಲೆ ಬೆರಳಾಡಿಸಿದರು. “ಗಮನ ಇರ್ಲಿಲ್ಲ” ಎಂದರು.

ಭೂಮಿ ಬಾಯಿ ಬಿಟ್ಟರೆ ಸ್ಟೂಲಿನ ಸಮೇತ ಒಳಗೆ ಹೋಗುತ್ತಿದ್ದೆ. ಹೇಳಬೇಕಿತ್ತು. ಬಾಯಿಯವರೆಗೂ ಬಂತು. ಆದರೆ ಕೈಮುಗಿದು ನಿಂತಿದ್ದ ಆ ಮನುಷ್ಯನ ಮುಂದೆ, ಲೆಕ್ಕದಲ್ಲಿ ಫಸ್ಟ್ ಬಂದ ಆ ಹುಡುಗಿಯ ಮುಂದೆ, ನನ್ನ ನಾಲಿಗೆ ಏಳಲಿಲ್ಲ. ಬಸ್ಸಿನಲ್ಲಿ ಹೇಳೋಣ ಎಂದುಕೊಂಡೆ. ಬಸ್ಸಿನಲ್ಲಿ ಮನೆಗೆ ಹೋಗಿ ಹೇಳೋಣ ಎಂದುಕೊಂಡೆ. ಹೋಂವರ್ಕ್ ತರದ ಮಕ್ಕಳು ಹೇಳುವ ನೆಪಗಳನ್ನೆಲ್ಲ ಒಂದೊಂದಾಗಿ ನಾನೇ ಹೇಳಿಕೊಂಡೆ.

ಹಳೇ ಮಿಷಿನ್ನೊಂದರಿಂದ ತೆಗೆದಿಟ್ಟ ಪಿಸ್ಟನ್ನು, ಸಿಲಿಂಡರು ನನ್ನ ಹತ್ತಿರ ಇದೆ, ಬೇಕಾದರೆ ಕೂರಿಸಿಕೊಡುತ್ತೇನೆ, ಆದರೆ ಬೇಗ ಹೇಳಿ ಎಂದಿದ್ದರು ಮೆಕ್ಯಾನಿಕ್. ಇವರು ಬೇಡ ಎಂದುಬಿಟ್ಟರು. ಬಿಚ್ಚಿದ ಮಿಷಿನ್ನನ್ನು ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಬಂದರು. ಯಾಕೆ ಎಂದು ಕೇಳಿದೆ.

“ಐದು ಲೀಟರ್ ಅಂತ ಹೇಳಿ ಎಷ್ಟು ಹಾಕಿಸ್ಕೊಂಡ್ನೋ ನಂಗೇ ನೆನಪಿಲ್ಲ ಅಂದ್ರೆ ಮುಗೀತು ಕಣೇ. ಇವತ್ತು ಪೆಟ್ರೋಲು ಮರೀತೀನಿ. ನಾಳೆ ಮರ ಯಾವ ಕಡೆ ಬೀಳುತ್ತೆ ಅನ್ನೋದು ಮರ್ತ್ರೆ? ಕೆಳಗೆ ಯಾರೋ ನಿಂತಿರ್ತಾರೆ. ಬೇಡ, ಸಾಕು.”

ಆಗ ನನಗೆ ಅರ್ಥವಾಯಿತು. ನಮ್ಮ ಮಾವನವರಿಗೆ, ಇವರ ತಂದೆಗೆ, ಕೊನೆಗಾಲದಲ್ಲಿ ಮರೆವು. ಬಚ್ಚಲಿಗೆ ಹೋದವರು ದಾರಿ ತಿಳಿಯದೆ ನಿಂತುಬಿಡುತ್ತಿದ್ದರು, ಇವರನ್ನೇ “ಯಾರಪ್ಪಾ ನೀನು, ಯಾವೂರು?” ಎಂದು ಕೇಳುತ್ತಿದ್ದರು. ಅವರನ್ನು ಕೈಹಿಡಿದು ನಡೆಸಿದವರು ಇವರೇ. ಆ ಮರೆವು ಈಗ ತಮಗೂ ಶುರುವಾಗಿದೆ ಎಂದುಕೊಂಡಿದ್ದರು ನನ್ನ ಗಂಡ. ಪೂರ್ತಿ ನೆಟ್ಟಗಿರುವ ತಲೆಯ ಮೇಲೆ ಅನುಮಾನ, ನಾನು ಹಾಕದೆ ಉಳಿಸಿದ ಎರಡೂವರೆ ಒಳಲೆ ಎಣ್ಣೆಯಿಂದಾಗಿ.

ಆಗಲಾದರೂ ಹೇಳಿದೆನಾ? ಇಲ್ಲ. ನಾನು ಎಂಥ ಹೆಂಗಸು ಎಂದು ನೀವು ಕೇಳಬಹುದು, ನಾನೂ ಕೇಳಿಕೊಂಡಿದ್ದೇನೆ. ಇವತ್ತು ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ, ನಾಳೆಗೆ ಅದು ಇನ್ನೂ ದೊಡ್ಡದು. ಹೀಗೆ ಮೂರು ವಾರ ಬೆಳೆಸಿದೆ.

ಆ ಮೂರು ವಾರ ಇವರು ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಂಡರು. ಬಂಕಿಗೆ ಹೋಗಿ “ಅವತ್ತು ನಾನು ಎಷ್ಟು ಹಾಕಿಸ್ಕೊಂಡೆ?” ಎಂದು ಕೇಳಿ ಬಂದರು, ಅವರಿಗೇನು ನೆನಪಿರುತ್ತದೆ? ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನ, ಹಾಲಿನವರು ಬಾರದ ದಿನ ಗುರುತು ಹಾಕಿದರು. ಬೆಳಿಗ್ಗೆ ಎದ್ದ ಕೂಡಲೆ “ನಿನ್ನೆ ಬಸ್ಸಾರು, ಮೊನ್ನೆ ಉಪ್ಸಾರು, ಆಚೆ ಮೊನ್ನೆ ಹುರುಳಿಕಟ್ಟು, ಸರೀನಾ?” ಎಂದು ಒಪ್ಪಿಸುತ್ತಿದ್ದರು.

“ಸರಿ. ಆದ್ರೆ ಮೂರ್ದಿನದಲ್ಲಿ ಒಂದಿನಾನೂ ಚೆನ್ನಾಗಿದೆ ಅನ್ನೋದು ನೆನಪಾಗ್ಲಿಲ್ಲ ನಿಮಗೆ” ಎಂದು ನಾನು ಛೇಡಿಸಿದೆ. ಬೇರೆ ದಿನವಾದರೆ ಎದುರು ಮಾತು ಬರುತ್ತಿತ್ತು. “ಹೌದಲ್ವಾ” ಎಂದು ಗಾಬರಿಯಾದರು.

ಫೋನುಗಳು ಬರುತ್ತಲೇ ಇದ್ದವು. ಕೋರದಿಂದ ಒಬ್ಬರು, ಬಾವಿಕಟ್ಟೆಯ ಮೇಲೆ ಬೇವು ವಾಲಿದೆ ಬನ್ನಿ ಎಂದರು. “ಇಲ್ಲ ಕಣಪ್ಪಾ, ಬುಟ್ಬುಟ್ಟೆ. ಬೇರೆಯವ್ರನ್ನ ನೋಡ್ಕೊಳ್ಳಿ” ಎಂದರು. ಫೋನು ಇಟ್ಟು ಬಹಳ ಹೊತ್ತು ಅಂಗೈ ನೋಡಿಕೊಂಡು ಕೂತಿದ್ದರು.

ನಾನು ಸೋತದ್ದು ಒಳಲೆಗೆ. ಒಂದು ಬೆಳಿಗ್ಗೆ ನಾನು ಒಗ್ಗರಣೆ ಹಾಕುತ್ತಿದ್ದೆ, ಇವರು ಒಳಗೆ ಬಂದು ಸ್ಟವ್ ಪಕ್ಕ ಏನನ್ನೋ ಇಟ್ಟರು. ನೋಡಿದರೆ ಒಳಲೆ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದಿದ್ದರು. ಮಗಳಿಗೆ ಹಾಲು ಹಿಡಿಯುತ್ತಿದ್ದ ದಿನಗಳಲ್ಲಿ ಹೇಗಿತ್ತೋ ಹಾಗೆ ಥಳಥಳ ಹೊಳೆಯುತ್ತಿತ್ತು.

“ತಗೋ. ಬಯ್ತಾನೇ ಇದ್ಯಲ್ಲ ಇಷ್ಟು ವರ್ಷ. ಇನ್ನು ಅಲ್ಲಿ ಇದಕ್ಕೇನು ಕೆಲ್ಸ” ಎಂದರು.

ಒಗ್ಗರಣೆ ಸೀದುಹೋಯಿತು. ಸ್ಟವ್ ಆರಿಸಿದೆ. “ನಾನು ಐದು ಹಾಕ್ಲಿಲ್ಲ” ಎಂದೆ.

“ಏನು?”

“ಅವತ್ತು. ಐದು ಒಳಲೆ ಹಾಕ್ಲಿಲ್ಲ ನಾನು. ಎರಡೂವರೆ ಹಾಕ್ದೆ. ಬಾಟ್ಲಿ ಮೇಲೆ ಇತ್ತಲ್ಲ, ಐವತ್ತಕ್ಕೆ ಒಂದು. ಬೀಜ ಸುಮ್ನೆ ಸರಿಸಿದೆ. ನಿಮ್ಮ ಮಿಷಿನ್ ಕೊಂದಿದ್ದು ನಾನು. ನೀವು ಪೆಟ್ರೋಲು ಸರಿಯಾಗೇ ತಂದಿದ್ರಿ.” ಅಷ್ಟು ಹೇಳುವ ಹೊತ್ತಿಗೆ ಅಳು ಬಂದಿತ್ತು. ಈರುಳ್ಳಿ ಹೆಚ್ಚಿದ್ದ ಕೈಯಲ್ಲೇ ಕಣ್ಣೊರೆಸಿಕೊಂಡೆ, ಇನ್ನೂ ಉರಿಯಿತು.

ಇವರು ಬಾಗಿಲಿನ ಚೌಕಟ್ಟು ಹಿಡಿದು ನಿಂತರು. “ಎರಡೂವರೆ” ಎಂದರು. “ಹಂಗಾದ್ರೆ ನಾನು ಐದೇ ಲೀಟರ್ ತಂದಿದ್ದೆ.”

“ಐದೇ.”

“ಮರ್ತಿಲ್ಲ ನಾನು.”

“ಇಲ್ಲ ರೀ.”

“ಇನ್ನೊಂದ್ಸಲ ಹೇಳು.”

“ನೀವು ಮರ್ತಿಲ್ಲ. ನಾನೇ ತಪ್ಪು ಮಾಡಿದ್ದು, ಸುಳ್ಳು ಹೇಳಿದ್ದೂ ನಾನೇ.”

ಬಯ್ಯುತ್ತಾರೆ, ತಟ್ಟೆ ಎಸೆಯುತ್ತಾರೆ ಎಂದುಕೊಂಡೆ. ಈ ಮನುಷ್ಯ ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕುಕ್ಕರಿಸಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ನನ್ನ ಜೀವ ಬಾಯಿಗೆ ಬಂತು. ಕೈ ತೆಗೆದಾಗ ನಗುತ್ತಿದ್ದರು, ಕಣ್ಣೂ ಒದ್ದೆಯಾಗಿತ್ತು. “ಶಿವನೇ, ತಲೆ ಸರಿಯಾಗಿದೆ! ನನ್ ತಲೆ ಸರಿಯಾಗಿದೆ ಕಣೇ!” ಎಂದು ಎದ್ದು ಹೊರಟರು. ಎಲ್ಲಿಗೆ ಎಂದು ನೋಡಿದರೆ ಫೋನಿಗೆ.

ಆಮೇಲಿನ ಅರ್ಧ ಗಂಟೆ ನನ್ನ ಮಾನ ಹರಾಜು. ಮೊದಲು ಮೆಕ್ಯಾನಿಕ್ಕಿಗೆ: “ಆ ಪಿಸ್ಟನ್ನು ಇದ್ಯಾ? ಮಡಿಕ್ಕೊಳ್ಳಿ, ಇವತ್ತೇ ಬರ್ತೀನಿ. ಗೊತ್ತಾಯ್ತು, ಟೀಚರ್ದೇ ಕಿತಾಪತಿ!” ಆಮೇಲೆ ನನ್ನ ತಮ್ಮನಿಗೆ: “ನಿಮ್ಮಕ್ಕ ಕಣೋ! ಲೆಕ್ಕದಲ್ಲಿ ಫೇಲು!” ಆ ಕಡೆಯಿಂದ ಅವನ ನಗು ನನಗೇ ಕೇಳಿಸಿತು. ಆಮೇಲೆ ಕೋರದವರಿಗೆ, ಬೇವಿನಮರಕ್ಕೆ ಬರ್ತೀನಿ ಎಂದು ಹೇಳುವ ನೆಪದಲ್ಲಿ ಪೂರ್ತಿ ಕಥೆ. ಪ್ರತಿ ಸಲವೂ ಕಥೆಗೆ ಸ್ವಲ್ಪ ಸ್ವಲ್ಪ ಕೈಕಾಲು ಬೆಳೆಯಿತು. ಕೊನೆಯದರಲ್ಲಿ ನಾನು ಎಣ್ಣೆಯನ್ನೇ ಹಾಕಿರಲಿಲ್ಲ. ಈಗಲೂ ಮದುವೆ ಮನೆಗಳಲ್ಲಿ ಯಾರಾದರೂ ಎದುರಿಗೆ ಬಂದು “ಏನ್ ಮೇಡಂ, ಇಪ್ಪತ್ತೈದಕ್ಕೆ ಒಂದಾ, ಐವತ್ತಕ್ಕೆ ಒಂದಾ?” ಎನ್ನುತ್ತಾರೆ. ನಾನು ಹಲ್ಲುಕಚ್ಚಿ ನಗುತ್ತೇನೆ. ಮಾಡಿಕೊಂಡಿದ್ದು, ಅನುಭವಿಸಬೇಕು.

ಮಧ್ಯಾಹ್ನ ತುಮಕೂರಿನ ಬಸ್ಸಿನಲ್ಲಿ, ಗೋಣಿಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದಾಗ, ನನಗೆ ಒಂದು ಮಾತು ನೆನಪಾಯಿತು.

“ರೀ, ಅವತ್ತು ಕೊಯ್ತಾ ಕೊಯ್ತಾ ನಿಲ್ಸಿ ನನ್ನ ಕಡೆ ನೋಡಿದ್ರಲ್ಲ. ಯಾಕೆ?”

ಇವರು ಕಿಟಕಿಯ ಆಚೆ ನೋಡಿದರು. ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದರು ಎಂದು ಕಾಣುತ್ತದೆ.

“ಕೇಳಿಸ್ತು ಕಣೇ ನಂಗೆ” ಎಂದರು. “ಸೌಂಡು ಬದಲಾಯ್ತು. ಎಣ್ಣೆ ಸಾಲ್ತಿಲ್ಲ ಅಂತ ಕಿವೀಗೆ ಬಂತು. ಆಫ್ ಮಾಡೋಣ ಅಂತ್ಲೇ ಇದ್ದೆ. ಮೇಲೆ ನೋಡಿದ್ರೆ ನೀನು ಕೂತಿದ್ದೆ. ಇವಳು ಹಾಕಿರೋದು, ಐದು ಅಂದಿದಾಳೆ, ಕಿವೀಗೇ ಏನೋ ಆಗಿದೆ ಅಂದ್ಕೊಂಡು ಮುಂದಕ್ಕೆ ಕೊಯ್ದೆ.”

ಅಷ್ಟು ವರ್ಷ ಯಾರ ಮಾತಿಗೂ ಬಗ್ಗದ ಆ ಕಿವಿಯನ್ನು ನನ್ನ ಒಂದು ‘ಐದು’ ಸುಳ್ಳು ಮಾಡಿತ್ತು. ಮೂರು ಸಲ ಕೂಗಿದರೂ ಓ ಎನ್ನುವುದಿಲ್ಲ ಎಂದು ನಾನು ಬಯ್ಯುತ್ತಿದ್ದೆನಲ್ಲ, ಅದೇ ಮನುಷ್ಯ. ಬಸ್ಸು ತುಮಕೂರು ತಲುಪುವವರೆಗೆ ಅವರ ಷರ್ಟಿನ ತೋಳು ಹಿಡಿದುಕೊಂಡು ಕೂತಿದ್ದೆ. ಟಿಕೆಟ್ ಕೇಳಲು ಬಂದ ಕಂಡಕ್ಟರ್ ಒಂದು ಥರಾ ನೋಡಿದ, ನೋಡಿಕೊಳ್ಳಲಿ ಎಂದು ತೋಳು ಬಿಡಲಿಲ್ಲ.

ಮಿಷಿನ್ನು ರಿಪೇರಿಯಾಗಿ ಬಂತು. ಕೋರದ ಬೇವಿನಮರಕ್ಕೆ ಹೊರಡುವ ಬೆಳಿಗ್ಗೆ ಇವರು ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಶೆಡ್ಡಿಗೆ ಹೋದರು. ಐದು ಲೀಟರ್ ಪೆಟ್ರೋಲು, ಪಕ್ಕದಲ್ಲಿ ಐದು ಹುಣಸೆಬೀಜ. ನಾನು ದೂರದಲ್ಲೇ ನಿಂತಿದ್ದೆ, ಒಳಗೆ ಕಾಲಿಡುವ ಮುಖವಿರಲಿಲ್ಲ. ಇವರು ಒಳಲೆಯನ್ನು ತೆಗೆದುಕೊಂಡು ಬಂದು ನನ್ನ ಕೈಯಲ್ಲಿಟ್ಟರು.

“ಹಾಕಿಡು. ನಾನು ಹಗ್ಗ ಕಟ್ಬೇಕು” ಎಂದರು.

“ಬೇಡ ರೀ. ನೀವೇ ಹಾಕಿ. ಇಲ್ಲಾಂದ್ರೆ ನಿಂತ್ಕೊಂಡು ನೋಡಿ.”

“ಅಷ್ಟು ಪುರುಸೊತ್ತಿಲ್ಲ ನಂಗೆ” ಎಂದು ಬೆನ್ನು ತಿರುಗಿಸಿ ಹೊರಟೇಹೋದರು. ಆಟೋ ಇನ್ನೂ ಬಂದೇ ಇರಲಿಲ್ಲ. ಹಗ್ಗ ರಾತ್ರಿಯೇ ಸುತ್ತಿ ಬಾಗಿಲ ಬಳಿ ಇಟ್ಟಾಗಿತ್ತು, ನಾನೇ ನೋಡಿದ್ದೆ.

ಕಂಠಮಟ್ಟ ತುಂಬಿದೆ, ಮೂತಿಯಿಂದ ಬಗ್ಗಿಸಿದೆ, ಕೊನೆಯ ತೊಟ್ಟು ಬೀಳುವವರೆಗೆ ಕಾದೆ. ಒಂದು ಬೀಜ ಆಚೆ ಸರಿಸಿದೆ. ಹೀಗೆ ಐದು. ಕುಲುಕಿ ಮುಚ್ಚಳ ಹಾಕುವ ಹೊತ್ತಿಗೆ ಇವರು ಬಂದರು.

“ಎಷ್ಟು ಹಾಕ್ದೆ?”

“ಐದು.”

“ಸರಿ” ಎಂದು ಕ್ಯಾನು ಎತ್ತಿಕೊಂಡು ನಡೆದರು. ಬೀಜಗಳ ಕಡೆ ನೋಡಲೂ ಇಲ್ಲ.